ಹೊಡೆಯುವ ಮೊದಲೇ ಬರೆದವರು

ಕಳೆದ ತಿಂಗಳು ನಮ್ಮ ಕಾಲೇಜಿನ ಸಭಾಂಗಣದಲ್ಲಿ ಅವರಿಗೆ ಬೀಳ್ಕೊಡುಗೆ ನಡೆಯಿತು. ಶಾಲು, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಒಂದು ಸ್ಮರಣಿಕೆ, ಎಲ್ಲವೂ ಕ್ರಮಪ್ರಕಾರ. ಮೈಕು ಹಿಡಿದ ಪ್ರಾಂಶುಪಾಲರು, ಇಷ್ಟು ವರ್ಷಗಳ ಸೇವೆಯಲ್ಲಿ ಒಂದೇ ಒಂದು ತಪ್ಪು ಮಾಡದ ಮನುಷ್ಯ ಇವರು ಎಂದುಬಿಟ್ಟರು. ಚಪ್ಪಾಳೆ ಬಿತ್ತು. ಮೂರನೆಯ ಸಾಲಿನಲ್ಲಿದ್ದ ನನಗೆ ನಗು ಬಂತು. ವೇದಿಕೆಯ ಮೇಲಿದ್ದ ಅವರು ನನ್ನ ಕಡೆಗೇ ನೋಡುತ್ತಿದ್ದರು. ಅವರಿಗೂ ನಗು ಬಂದಿತ್ತು, ಆದರೆ ಶಾಲು ಹೊದ್ದವರು ನಗಬಾರದಲ್ಲ, ತಲೆ ತಗ್ಗಿಸಿದರು.

ಅವರು ತಪ್ಪು ಮಾಡಿದ್ದರು. ಸಣ್ಣದಲ್ಲ, ಒಬ್ಬನ ಜೀವಕ್ಕೆ ಬರಬಹುದಾಗಿದ್ದ ತಪ್ಪು. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಅವರ ಜೊತೆ ಕೆಲಸ ಮಾಡಿದೆ ಎಂದು ನಾನು ಎದೆಯುಬ್ಬಿಸಿ ಹೇಳಿಕೊಳ್ಳುವುದು ಆ ತಪ್ಪು ಹೊರಬಿದ್ದ ದಿನದ ಕಾರಣಕ್ಕೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ತಮ್ಮೂರು ಬೀಜಾಡಿಯಿಂದ ಬಸ್ಸು ಹತ್ತಿ ಬಂದು ಬೈದು ಹೋಗುತ್ತಾರೆ. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು, ಇಲ್ಲಿಯೂ ಅಷ್ಟೇ ಸಾಕು.

ನಮ್ಮದು ಬ್ರಹ್ಮಾವರದ ಆಸುಪಾಸಿನ ಒಂದು ಎಂಜಿನಿಯರಿಂಗ್ ಕಾಲೇಜು. ಅದರ ಹಿತ್ತಲಿನಲ್ಲಿ, ಕ್ಯಾಂಟೀನನ್ನೂ ದಾಟಿ ಹೋದರೆ, ತಗಡು ಹೊದಿಸಿದ ಒಂದು ಉದ್ದನೆಯ ಶೆಡ್ಡು. ಒಂದು ವಸ್ತು ಹಾರಿ ಬಂದು ಇನ್ನೊಂದಕ್ಕೆ ಬಡಿದರೆ ಏನಾಗುತ್ತದೆ, ಹತ್ತಿರದಲ್ಲಿ ಸ್ಫೋಟವಾದರೆ ಗೋಡೆ ಎಷ್ಟು ತಡೆಯುತ್ತದೆ, ಇವನ್ನು ನೋಡುವುದು ಆ ಶೆಡ್ಡಿನ ಕೆಲಸ. ನಾನು ಅಲ್ಲಿ ಉಪನ್ಯಾಸಕಿ. ಬಡಿತಕ್ಕೂ ಸ್ಫೋಟಕ್ಕೂ ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ನನ್ನ ಪಾಲು, ಆಗ ನನ್ನ ಪಿಎಚ್‌ಡಿಯೂ ಅದರ ಮೇಲೆಯೇ ನಡೆಯುತ್ತಿತ್ತು. ನಿಜವಾಗಿ ಹೊಡೆದು ತೋರಿಸುವುದು ಅಣ್ಣನ ಪಾಲು. ಅವರ ಹುದ್ದೆ ಲ್ಯಾಬ್ ಇನ್‌ಸ್ಟ್ರಕ್ಟರ್, ಓದು ಐಟಿಐ. ಸಾಲಿಗ್ರಾಮದ ಕಡೆಯ ನಮ್ಮ ನೆಂಟರಿಗೆ ಇಷ್ಟೆಲ್ಲ ವಿವರಿಸುವ ತಾಳ್ಮೆ ನನ್ನಮ್ಮನಿಗೆ ಇರಲಿಲ್ಲ. ಮಗಳು ಎಂತ ಮಾಡುತ್ತಾಳೆಂದು ಕೇಳಿದವರಿಗೆ, ಕಾಲೇಜಿನಲ್ಲಿ ಕಲ್ಲು ಹೊಡೆಯುತ್ತಾಳೆ ಎಂದು ಹೇಳಿ ಒಳಗೆ ಹೋಗುತ್ತಿದ್ದರು.

ಶೆಡ್ಡಿನ ನಡುವೆ ಮಲಗಿದ್ದ ಗನ್ ಅಣ್ಣನೇ ಮಾಡಿದ್ದು. ಗನ್ ಎಂದರೆ ಮದ್ದುಗುಂಡಿನದ್ದಲ್ಲ, ಗಾಳಿಯದ್ದು. ಒಂದು ದಪ್ಪ ಟ್ಯಾಂಕಿನಲ್ಲಿ ಗಾಳಿ ತುಂಬಿಸುವುದು, ಮುಂದೆ ಉದ್ದನೆಯ ಉಕ್ಕಿನ ಕೊಳವೆ, ಕೊಳವೆಯೊಳಗೆ ಉಕ್ಕಿನ ಗುಂಡೋ ಕಲ್ಲೋ. ಗಾಳಿಯನ್ನು ಒಮ್ಮೆಲೇ ಬಿಟ್ಟರೆ ಅದು ಹಾರಿಹೋಗಿ ಎದುರಿಗಿಟ್ಟ ಲೋಹದ್ದೋ ಪ್ಲಾಸ್ಟಿಕ್ಕಿನದ್ದೋ ಹಾಳೆಗೆ ಬಡಿಯುತ್ತದೆ. ಕಲ್ಲು ಕೊಳವೆಯಲ್ಲಿ ಅಲುಗದ ಹಾಗೆ ಹಗುರವಾದ ಒಂದು ಹೊದಿಕೆ ಬೇಕು. ಪುಸ್ತಕದಲ್ಲಿ ಹೇಳಿದ ವಸ್ತು ಇಲ್ಲಿ ಸಿಗಲಿಲ್ಲ. ಅಣ್ಣ ಬಲೆಗೆ ಕಟ್ಟುವ ಬೆಂಡುಗಳನ್ನು ಒಂದು ಚೀಲ ತುಂಬಾ ತಂದು, ಬ್ಲೇಡಿನಲ್ಲಿ ಕೊರೆದು, ಒಳಗೆ ಕಲ್ಲು ಕೂರಿಸಿದರು. ಹಾಳೆಯ ಹಿಂದೆ ಸಿಡಿಯುವ ಚೂರುಗಳನ್ನು ಹಿಡಿಯಲು ಹಳೆಯ ಬಲೆಗಳನ್ನೇ ಪದರಪದರವಾಗಿ ಇಳಿಬಿಟ್ಟರು. ಅವರ ಮನೆಯವರು ತಲೆಮಾರುಗಳಿಂದ ಕಡಲಿಗೆ ಹೋದವರು, ಬಲೆಗೇನೂ ಬರ ಇರಲಿಲ್ಲ. ಮೊದಲ ದಿನ ನಾನು ಮನೆಗೆ ಹೋದಾಗ ಅಮ್ಮ ಮೂಗು ಮುಚ್ಚಿಕೊಂಡು, ಬಟ್ಟೆಯನ್ನು ಬಾವಿಕಟ್ಟೆಯಲ್ಲೇ ಇಟ್ಟು ಬಾ ಎಂದರು. ಮೂರು ತಿಂಗಳಲ್ಲಿ ಆ ಮೀನಿನ ವಾಸನೆ ನನಗೆ ಗೊತ್ತಾಗುವುದೇ ನಿಂತಿತು.

ಅಣ್ಣ ಹರೆಯದಲ್ಲಿ ಕೆಲವು ಕಾಲ ಮುಂಬೈಯ ಒಂದು ವರ್ಕ್‌ಶಾಪಿನಲ್ಲಿದ್ದವರು. ಅಲ್ಲಿಂದ ಎರಡನ್ನು ತಂದಿದ್ದರು. ಒಂದು ಒಳ್ಳೆಯ ವೆಲ್ಡಿಂಗು. ಇನ್ನೊಂದು, 'ಚಲೇಗಾ', ಅಂದರೆ ಇಷ್ಟಾದರೂ ನಡೆಯುತ್ತದೆ ಬಿಡು, ಎಂಬ ಮಾತಿನ ಮೇಲೆ ತೀರದ ಸಿಟ್ಟು. ಯಾರಾದರೂ ವಿದ್ಯಾರ್ಥಿ ಬೋಲ್ಟನ್ನು ಅರ್ಧ ಬಿಗಿದು ಸಾಕು ಎಂದರೆ, ಅಷ್ಟನ್ನೂ ಬಿಚ್ಚಿ ಕೈಗೆ ಕೊಡುತ್ತಿದ್ದರು. ಖಾಕಿ ಅಂಗಿಯ ಕಿಸೆಯಲ್ಲಿ ಯಾವಾಗಲೂ ಸೀಮೆಸುಣ್ಣದ ತುಂಡು. ಪ್ಯಾಂಟು ಎರಡು ಮಡಿಕೆ ಮೇಲಕ್ಕೆ, ಮರಳಿನಲ್ಲಿ ನಡೆದ ಅಭ್ಯಾಸ. ನಾಲ್ಕು ಜನರೆದುರು ನನ್ನನ್ನು ಮೇಡಂ ಎನ್ನುವರು, ಇಬ್ಬರೇ ಇದ್ದರೆ ಮಗಾ. ಮೇಡಂ ಎಂದು ಕರೆದು ಏನಾದರೂ ಹೇಳಿದರೆ ಅದು ಬೈಗುಳ ಎಂದು ನಾನು ತಿಳಿದುಕೊಳ್ಳಬೇಕಿತ್ತು.

ಪ್ರತಿ ಸಲ ಗನ್ ಹೊಡೆಯುವ ಮೊದಲು ಎಲ್ಲರೂ ಕಾಂಕ್ರೀಟು ಗೋಡೆಯ ಹಿಂದೆ ಹೋಗಬೇಕು. ಆಮೇಲೆ ಅಣ್ಣ ಮೂರು ಸಲ ಹ್ವಾಯ್ ಎಂದು ಕೂಗುವರು. ಒಬ್ಬೊಬ್ಬರೂ ಇದ್ದೆ ಎಂದು ಓಗೊಡಬೇಕು. ತಲೆ ಲೆಕ್ಕ ಸರಿಹೋಗದೆ ಅವರ ಕೈ ಗಾಳಿ ಬಿಡುವ ಗುಂಡಿಯ ಮೇಲೆ ಹೋಗುತ್ತಿರಲಿಲ್ಲ. ಇದು ಅವರ ಅಪ್ಪ ದೋಣಿಯಲ್ಲಿ ಬಲೆ ಎಳೆಯುವ ಮೊದಲು ಮಾಡುತ್ತಿದ್ದ ಪದ್ಧತಿಯಂತೆ. ಒಮ್ಮೆ ಹೊರಗಿನ ಅತಿಥಿಗಳ ಜೊತೆ ನಮ್ಮ ವಿಭಾಗದ ಮುಖ್ಯಸ್ಥರೂ ಬಂದಿದ್ದರು. ಅಣ್ಣ ಕೂಗಿದರು. ಎಲ್ಲರೂ ಇದ್ದೆ ಎಂದೆವು. ಮುಖ್ಯಸ್ಥರು ಮಾತ್ರ, ಕಣ್ಣೆದುರೇ ನಿಂತಿದ್ದೇನಲ್ಲ ಎಂಬ ಮುಖ ಮಾಡಿ ಸುಮ್ಮನಿದ್ದರು. ಅಣ್ಣ ಮತ್ತೆ ಕೂಗಿದರು. ಮತ್ತೆ ಮೌನ. ಅಣ್ಣ ಸ್ಟೂಲು ಎಳೆದು ಕುಳಿತುಕೊಂಡರು. ಅತಿಥಿಗಳು ಗಡಿಯಾರ ನೋಡಿಕೊಂಡರು. ಕೊನೆಗೆ ಮುಖ್ಯಸ್ಥರು ಕೆಮ್ಮಿ, ತೀರಾ ಸಣ್ಣ ದನಿಯಲ್ಲಿ ಇದ್ದೆ ಎಂದರು. ಗುಂಡು ಹಾರಿತು. ಅವತ್ತಿನಿಂದ ಅವರು ಎಲ್ಲರಿಗಿಂತ ಮೊದಲು ಓಗೊಡುತ್ತಿದ್ದರು.

ಇನ್ನೊಂದು ಪದ್ಧತಿ ಅಣ್ಣನದೇ. ಹೊಡೆಯುವ ಮೊದಲು ಟ್ಯಾಂಕಿನ ಗಾಳಿಯ ಒತ್ತಡ ನೋಡಿ, ಕಲ್ಲಿನ ತೂಕ ನೋಡಿ, ಇದು ಎಷ್ಟು ವೇಗದಲ್ಲಿ ಹೋದೀತು ಎಂದು ತಮಗೆ ತೋರಿದ ಅಂಕಿಯನ್ನು ಶೆಡ್ಡಿನ ಗೋಡೆಯ ಮೇಲೆ ಬರೆಯುವರು. ಹೊಡೆದ ಮೇಲೆ ಮೀಟರು ತೋರಿಸಿದ ವೇಗವನ್ನು ಅದರ ಪಕ್ಕದಲ್ಲಿ ಬರೆಯುವರು. ತಪ್ಪಿದರೆ ಅಳಿಸುವುದಿಲ್ಲ. ಗೋಡೆಯ ತುಂಬಾ ಹೀಗೆ ಜೋಡಿ ಅಂಕಿಗಳ ಸಾಲು. ಇದೆಂತಕ್ಕೆ ಅಣ್ಣ, ಮೀಟರು ಹೇಗೂ ಹೇಳುತ್ತದಲ್ಲ ಎಂದು ನಾನು ಬಂದ ಹೊಸತರಲ್ಲಿ ಕೇಳಿದ್ದೆ.

"ಹೊಡ್ದಾದ್ ಮೇಲೆ ನಂಗೆ ಮೊದ್ಲೇ ಗೊತ್ತಿತ್ತ್ ಅಂದೇಳಿ ಎಲ್ಲರೂ ಹೇಳ್ತ್ರ್. ಹೊಡುಕ್ ಮುಂಚೆ ಬರೀಕ್, ಮಗಾ" ಎಂದಿದ್ದರು.

ಹೊಡೆಯುವ ಮೊದಲೇ ಬರೆಯಬೇಕಂತೆ! ನಾನು ನಕ್ಕು ನನ್ನ ಕಂಪ್ಯೂಟರಿನ ಮುಂದೆ ಹೋಗಿ ಕುಳಿತೆ. ಪಿಎಚ್‌ಡಿ ಮಾಡುವವಳಿಗೆ ಸೀಮೆಸುಣ್ಣದ ಉಪದೇಶ ಬೇಕಿತ್ತೇ?

ಹಾಗೆಂದು ಅವರು ಕಂಪ್ಯೂಟರನ್ನು ಹೀಗಳೆದವರಲ್ಲ. ಬಿಡುವಾದಾಗ ಬಂದು ನನ್ನ ಬೆನ್ನ ಹಿಂದೆ ನಿಂತು ನೋಡುವರು. ಲೆಕ್ಕಕ್ಕಾಗಿ ಹಾಳೆಯನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಬೇಕು, ತೆರೆಯ ಮೇಲೆ ಅದು ಬಲೆಯ ಹಾಗೆಯೇ ಕಾಣುತ್ತದೆ. ಒಂದು ದಿನ ಅದನ್ನು ತುಸು ಹೊತ್ತು ನೋಡಿ, ಎಲ್ಲ ಕಡೆಯೂ ಒಂದೇ ಅಳತೆಯ ಕಣ್ಣು ಯಾಕೆ, ಕಲ್ಲು ಬಡಿಯುವ ಜಾಗದಲ್ಲಿ ಕಣ್ಣು ಸಣ್ಣದಿರಬೇಕಲ್ಲವೇ, ದೂರದಲ್ಲಿ ದೊಡ್ಡದಾದರೂ ನಡೆದೀತು ಎಂದರು. ನನ್ನ ಮಾರ್ಗದರ್ಶಕರು ಒಂದು ಸೆಮಿಸ್ಟರು ತೆಗೆದುಕೊಂಡು ಕಲಿಸಿದ್ದು ಇದನ್ನೇ. ನಾನು ಬಾಯಿ ಮುಚ್ಚಿಕೊಂಡು ಬಲೆಯನ್ನು ತಿದ್ದಿದೆ.

ಮೇಸ್ತ್ರಿಯ ಪರಿಚಯವಾದದ್ದು ಆ ಹೊತ್ತಿಗೆ. ಕೊಕ್ಕರ್ಣೆ ದಾಟಿ ಒಳಗೆ ಹೋದರೆ ಒಂದು ಕಗ್ಗಲ್ಲಿನ ಕ್ವಾರಿ. ಬಂಡೆಗೆ ಮದ್ದು ತುಂಬಿಸಿ ಸಿಡಿಸುವ ಲೈಸೆನ್ಸು ಇದ್ದವರು ಈ ಮೇಸ್ತ್ರಿ. ಸ್ಫೋಟದ ಗಾಳಿಯ ಹೊಡೆತ ಎಷ್ಟಿರುತ್ತದೆ ಎಂದು ಅಳೆಯಲು ನಾವು ಅಲ್ಲಿಗೆ ಹೋಗಿದ್ದೆವು. ನಾನು ಸೆನ್ಸರು, ವೈರು, ಪೆಟ್ಟಿಗೆ ಎಲ್ಲ ಹೊತ್ತುಕೊಂಡು ಹೋಗಿದ್ದೆ. ಅಣ್ಣ ಒಂದು ಹಲಗೆಯಲ್ಲಿ ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ತೂತು ಕೊರೆದು, ಎಲ್ಲಕ್ಕೂ ಗಾಳಿಪಟದ ಕಾಗದ ಅಂಟಿಸಿ ತಂದಿದ್ದರು. ದೊಡ್ಡ ತೂತಿನ ಕಾಗದ ಸಣ್ಣ ಹೊಡೆತಕ್ಕೇ ಹರಿಯುತ್ತದೆ, ಸಣ್ಣ ತೂತಿನದ್ದು ದೊಡ್ಡ ಹೊಡೆತಕ್ಕೆ ಮಾತ್ರ. ಎಲ್ಲಿಯವರೆಗೆ ಹರಿದಿದೆ ಎಂದು ನೋಡಿದರೆ ಹೊಡೆತ ಎಷ್ಟೆಂದು ತಿಳಿಯುತ್ತದೆ. ಮೊದಲ ಸ್ಫೋಟಕ್ಕೇ ಹಾರಿ ಬಂದ ಕಲ್ಲೊಂದು ನನ್ನ ವೈರನ್ನು ತುಂಡರಿಸಿತು. ಅವತ್ತು ನಾವು ಹಿಂದಕ್ಕೆ ತಂದ ಅಳತೆ ಕಾಗದದ್ದು ಮಾತ್ರ. ಅಣ್ಣ ದಾರಿಯುದ್ದಕ್ಕೂ ಸಣ್ಣಗೆ ಸಿಳ್ಳೆ ಹಾಕುತ್ತಿದ್ದರು.

ಅದೇ ಕಲ್ಲು ಇನ್ನೊಂದು ಕೆಲಸ ಹಚ್ಚಿತು. ಸಿಡಿಸುವಾಗ ಮೇಸ್ತ್ರಿ ಕೂರುವುದು ಚಕ್ರ ಹಚ್ಚಿದ ಒಂದು ಕಬ್ಬಿಣದ ಗೂಡಿನಲ್ಲಿ. ಬಂಡೆ ಹೇಗೆ ಒಡೆಯಿತು ಎಂದು ನೋಡಲು ಅದಕ್ಕೆ ಒಂದು ಕಿಟಕಿ. ಕಿಟಕಿಗೆ ಇದ್ದದ್ದು ಬರೀ ತಂತಿ ಜಾಲರಿ. ಮೇಸ್ತ್ರಿ ತಮ್ಮ ಹುಬ್ಬಿನ ಮೇಲಿನ ಗಾಯದ ಗುರುತು ತೋರಿಸಿ, ಮತ್ತೊಂದು ಇಂಥದ್ದು ಬಂದರೆ ಕಣ್ಣೇ ಹೋಗುವುದು, ನೀವು ಇಷ್ಟೆಲ್ಲ ಹೊಡೆದು ನೋಡುವವರು ಇದಕ್ಕೊಂದು ದಾರಿ ಮಾಡಿಕೊಡಿ ಎಂದರು. ಗಾಜಿನ ಹಾಗೆ ಆಚೆ ಕಾಣುವ, ಆದರೆ ಗಾಜಿನ ಹಾಗೆ ಒಡೆಯದ ದಪ್ಪ ಪ್ಲಾಸ್ಟಿಕ್ ಹಾಳೆ ಬರುತ್ತದೆ. ಅದು ಎಷ್ಟು ದಪ್ಪ ಇರಬೇಕೆಂದು ನಾವು ಪರೀಕ್ಷೆ ಮಾಡಿ ಹೇಳಬೇಕು. ಕ್ವಾರಿಯ ಧಣಿಗಳೂ ಒಪ್ಪಿದರು. ನನಗೂ ಒಳ್ಳೆಯದೇ ಆಯಿತು, ಪಿಎಚ್‌ಡಿಗೆ ಒಂದು ಇಡೀ ಅಧ್ಯಾಯ ಸಿಕ್ಕಿತು.

ಕಲ್ಲುಗಳು ಹಾರುವುದನ್ನು ಕ್ಯಾಮೆರಾದಲ್ಲಿ ಹಿಡಿದು ಅವುಗಳ ವೇಗ ಲೆಕ್ಕ ಹಾಕಿದೆವು. ಅಷ್ಟೇ ವೇಗದಲ್ಲಿ ಶೆಡ್ಡಿನಲ್ಲಿ ಹಾಳೆಗೆ ಕಲ್ಲು ಹೊಡೆದೆವು. ಹಾಳೆ ಕುಳಿಬಿದ್ದಿತೇ ಹೊರತು ತೂತಾಗಲಿಲ್ಲ. ಹಿಂದೆ ಕಟ್ಟಿದ್ದ ತೆಳು ಅಲ್ಯೂಮಿನಿಯಂ ಕಾಗದಕ್ಕೆ ಒಂದು ಗೀರೂ ಬೀಳಲಿಲ್ಲ. ಹತ್ತಾರು ಸಲ ಹೊಡೆದರೂ ಅದೇ ಫಲ. ಆದರೆ ನನ್ನ ಕಂಪ್ಯೂಟರು ಮಾತ್ರ ಒಪ್ಪುತ್ತಿರಲಿಲ್ಲ. ಆ ವೇಗಕ್ಕೆ ಆ ಹಾಳೆ ತೂತಾಗಲೇಬೇಕು ಎನ್ನುತ್ತಿತ್ತು. ಎದುರಿಗೆ ಹಾಳೆ ಗಟ್ಟಿಯಾಗಿ ನಿಂತಿರುವಾಗ ಕಂಪ್ಯೂಟರಿನ ಮಾತು ಯಾರು ಕೇಳುತ್ತಾರೆ? ಹಾಳೆ ಎಷ್ಟು ಹಿಗ್ಗಿದರೆ ಹರಿಯುತ್ತದೆ ಎಂದು ಹೇಳುವ ಒಂದು ಅಂಕಿ ಇರುತ್ತದೆ. ಅದನ್ನು ಸ್ವಲ್ಪ ಏರಿಸಿದೆ. ಸಾಲಲಿಲ್ಲ, ಇನ್ನೂ ಸ್ವಲ್ಪ ಏರಿಸಿದೆ. ಕೊನೆಗೆ ಪರೀಕ್ಷೆಗೂ ಲೆಕ್ಕಕ್ಕೂ ಕೂದಲೆಳೆಯ ವ್ಯತ್ಯಾಸವೂ ಉಳಿಯಲಿಲ್ಲ. ಎರಡು ಗೆರೆಗಳು ಒಂದರ ಮೇಲೊಂದು ಕುಳಿತ ಆ ಚಿತ್ರವನ್ನು ನಾನು ಮೊಬೈಲಿನಲ್ಲಿ ಫೋಟೋ ತೆಗೆದು ಅಮ್ಮನಿಗೂ ತೋರಿಸಿದ್ದೆ. ಅಷ್ಟು ಖುಷಿ. ವರದಿಗೆ ನಾನೂ ಮುಖ್ಯಸ್ಥರೂ ಸಹಿ ಹಾಕಿದೆವು. ಹಾಳೆ ಕ್ವಾರಿಗೆ ಹೋಗಿ ಮೇಸ್ತ್ರಿಯ ಗೂಡಿಗೆ ಕುಳಿತಿತು.

ಎರಡು ದಿನ ಕಳೆದಿರಬೇಕು. ಬೆಳಿಗ್ಗೆ ನಾನು ಸಾಸ್ತಾನದ ಟೋಲಿನ ಹತ್ತಿರ ಬಸ್ಸಿನಲ್ಲಿ ಸಿಕ್ಕಿಹಾಕಿಕೊಂಡು, ತಡವಾಗಿ, ಓಡುತ್ತ ಶೆಡ್ಡಿಗೆ ಬಂದೆ. ಅಣ್ಣ ಗೋಡೆಯ ಮುಂದೆ ನಿಂತಿದ್ದರು. ತಿರುಗಿಯೂ ನೋಡದೆ, ಮೇಡಂ, ಇಲ್ಲಿ ಬನ್ನಿ ಎಂದರು. ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ಮೇಡಂ ಎಂದದ್ದು ಕೇಳಿ ನನಗೆ ಭಯವಾಯಿತು.

ಅವರು ಗೋಡೆಯ ಅಂಕಿಗಳನ್ನು ತೋರಿಸಿದರು. ಒಂದು ಜಾಗದವರೆಗೆ ಅವರ ಅಂದಾಜು ಮೀಟರಿನ ಅಂಕಿಗಿಂತ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಆ ಜಾಗದಿಂದ ಈಚೆಗೆ ಎಲ್ಲವೂ ಕಡಿಮೆಯೇ, ಒಂದೂ ಬಿಡದೆ. ಅಣ್ಣನಿಗೆ ವಯಸ್ಸಾಯಿತು, ಕೈ ತಪ್ಪುತ್ತಿದೆ ಎಂದು ನಾವು ಹುಡುಗಾಟಿಕೆಗೆ ಆಡಿಕೊಂಡದ್ದೂ ಉಂಟು.

"ನಂದೇ ತಪ್ಪಾರೆ ಒಂದ್ ಸಲ ಹೆಚ್ಚ್, ಒಂದ್ ಸಲ ಕಮ್ಮಿ ಆಯ್ಕ್. ಯಾವತ್ತೂ ಕಮ್ಮಿಯೇ ಅಂದ್ರೆ ಅಳ್ತಿಯಗೇ ಎಂತದೋ ಇತ್ತ್" ಎಂದರು.

ವೇಗ ಅಳೆಯುವುದು ಹೀಗೆ. ಕೊಳವೆಯ ಬಾಯಿಯಲ್ಲಿ ಒಂದು ಕಬ್ಬಿಣದ ಪಟ್ಟಿಗೆ ಎರಡು ಬೆಳಕಿನ ಕಿರಣಗಳನ್ನು ಕೂರಿಸಿರುತ್ತಾರೆ. ಕಲ್ಲು ಮೊದಲನೆಯದನ್ನು ದಾಟಿ ಎರಡನೆಯದನ್ನು ದಾಟಲು ಹಿಡಿದ ಸಮಯದಿಂದ ವೇಗ ಸಿಗುತ್ತದೆ. ಆದರೆ ಎರಡರ ನಡುವಿನ ಅಂತರ ನಾವು ಮೀಟರಿಗೆ ಹೇಳಿದಷ್ಟೇ ಇರಬೇಕು. ಅಣ್ಣ ಸ್ಕೇಲು ತೆಗೆದುಕೊಂಡು ಅಳೆದರು. ಎರಡು ಬೆರಳಿನಷ್ಟು ಕಡಿಮೆ ಇತ್ತು. ಅಂತರ ಕಡಿಮೆಯಾದರೆ ಕಲ್ಲು ಬೇಗ ದಾಟುತ್ತದೆ, ಮೀಟರು ಮೋಸಹೋಗಿ ಹೆಚ್ಚು ವೇಗ ತೋರಿಸುತ್ತದೆ. ಅಂದರೆ ನಾವು ಹೊಡೆದ ಕಲ್ಲುಗಳೆಲ್ಲ ನಾವು ತಿಳಿದದ್ದಕ್ಕಿಂತ ನಿಧಾನವಾಗಿ ಹೋಗಿದ್ದವು. ಮೇಸ್ತ್ರಿಯ ಮುಖದ ಮುಂದೆ ಕೂರಿಸಿದ ಹಾಳೆ ನಿಜವಾದ ವೇಗವನ್ನು ಕಂಡೇ ಇರಲಿಲ್ಲ.

ಪಟ್ಟಿ ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು. ಅದನ್ನು ನೋಡಿದ ಕೂಡಲೇ ಇಬ್ಬರಿಗೂ ನೆನಪಾಯಿತು. ಹಾಳೆಯ ಪರೀಕ್ಷೆ ಶುರುವಾಗುವ ಮೊದಲು ಕಾಲೇಜಿಗೆ ತಪಾಸಣೆಯ ತಂಡ ಬರುವುದಿತ್ತು. ನಮ್ಮಲ್ಲಿ ತಪಾಸಣೆ ಎಂದರೆ ಮೊದಲು ಬಣ್ಣ. ಗಿಡದ ಬುಡಕ್ಕೆ ಸುಣ್ಣ, ಮೆಟ್ಟಿಲಿಗೆ ಕಾವಿ, ಕಬ್ಬಿಣದ್ದು ಎಂದು ಕಂಡದ್ದಕ್ಕೆಲ್ಲ ಹಸಿರು. ಅಣ್ಣ ಪಟ್ಟಿಯನ್ನು ಬಿಚ್ಚಿ, ಬಣ್ಣ ಬಳಿದು, ಒಣಗಿಸಿ, ಮತ್ತೆ ಜೋಡಿಸಿದ್ದರು. ಜೋಡಿಸುವಾಗ ಎರಡನೆಯ ಕಿರಣದ ಹಿಡಿಕೆ ಹಿಂದುಮುಂದಾಗಿತ್ತು. ಒಂದು ಬೋಲ್ಟು ಸಡಿಲವಾದರೆ ಸಹಿಸದ ಮನುಷ್ಯ ಇಡೀ ಹಿಡಿಕೆಯನ್ನು ತಿರುಗಿಸಿ ಹಾಕಿ, ಬೋಲ್ಟನ್ನು ಗಟ್ಟಿಯಾಗಿ ಬಿಗಿದಿದ್ದರು.

ಅವರು ಸ್ಟೂಲಿನ ಮೇಲೆ ಕುಳಿತರು. ನಾನು ಸಮಾಧಾನ ಹೇಳಲು ಹೊರಟೆ. ಅದೇ ಗಳಿಗೆಯಲ್ಲಿ ನನಗೆ ನನ್ನ ಕಂಪ್ಯೂಟರು ನೆನಪಾಯಿತು. ತೂತಾಗಬೇಕು ಎಂದು ಅದು ಸರಿಯಾಗಿಯೇ ಹೇಳಿತ್ತು. ನಾನೇ ಅದರ ಬಾಯಿ ಮುಚ್ಚಿಸಿದ್ದೆ. ಅದನ್ನು ಅಣ್ಣನಿಗೆ ಹೇಳಲಿಲ್ಲ. ಹೇಳಬೇಕೆಂದು ಅನಿಸಿತು, ಧೈರ್ಯ ಸಾಲಲಿಲ್ಲ.

ಅಣ್ಣ ಎದ್ದು ಕ್ವಾರಿಗೆ ಹಾಕಿಕೊಳ್ಳುವ ಹೆಲ್ಮೆಟ್ಟು ತೆಗೆದುಕೊಂಡಿದ್ದರು. ಮಧ್ಯಾಹ್ನ ಕ್ವಾರಿಯಲ್ಲಿ ಬಂಡೆ ಸಿಡಿಸುವುದಿತ್ತು. ಫೋನು ಮಾಡುವ ಹಾಗಿರಲಿಲ್ಲ, ಮದ್ದು ತುಂಬಿಸುವ ದಿನ ಅಲ್ಲಿ ಬೆಳಿಗ್ಗೆಯಿಂದಲೇ ಎಲ್ಲರ ಮೊಬೈಲು ಬಂದ್ ಮಾಡಿಸಿ ಪೆಟ್ಟಿಗೆಯಲ್ಲಿಡುತ್ತಾರೆ. ಮುಖ್ಯಸ್ಥರಿಗೆ ವಿಷಯ ತಿಳಿಸಿದೆ. ಅವರು ಬೆವರಿದರು. ಮೊದಲು ಇನ್ನೊಮ್ಮೆ ಪರೀಕ್ಷಿಸೋಣ, ಆಮೇಲೆ ಮುಂದಿನ ವಾರ ಒಂದು ಪತ್ರ ಬರೆದರಾಯಿತು, ಈಗಲೇ ಹೋಗಿ ನಮ್ಮ ಮರ್ಯಾದೆ ನಾವೇ ಕಳೆಯುವುದು ಬೇಡ ಎಂದರು. ಅಣ್ಣ ಕೇಳಿಸಿಕೊಂಡರು. ಸರಿ ಸಾರ್, ನೀವು ಪತ್ರ ಬರೆಯುವುದು ಬರೆಯಿರಿ ಎಂದು ಹೇಳಿ, ಸ್ಕೂಟರು ತಂದಿದ್ದೀರಾ ಎಂದು ನನ್ನನ್ನು ಕೇಳಿದರು. ಬಸ್ಸಿನಲ್ಲಿ ಬಂದಿದ್ದೇನೆ ಎಂದಾಗ ಕ್ಯಾಂಟೀನಿನವರ ಸ್ಕೂಟರು ಕೇಳಿ ತಂದರು. ನಾನು ಹಿಂದೆ ಕುಳಿತೆ. ದಾರಿಯಲ್ಲಿ ಅವರು ಒಂದೇ ಒಂದು ಮಾತು ಆಡಿದ್ದು, ಗಟ್ಟಿಯಾಗಿ ಹಿಡಿದುಕೋ ಎಂದು.

ನಾವು ಮುಟ್ಟಿದಾಗ ಕೆಂಪು ಬಾವುಟ ಏರಿತ್ತು. ಮೇಸ್ತ್ರಿ ಗೂಡಿನ ಬಾಗಿಲಿಗೆ ಕೈ ಹಾಕಿದ್ದರು. ಕಾವಲಿನವನು ನಮ್ಮನ್ನು ತಡೆದ. ಅಣ್ಣ ಅಲ್ಲಿಂದಲೇ, ಶೆಡ್ಡಿನಲ್ಲಿ ಕೂಗುವ ಹಾಗೆ, ಹ್ವಾಯ್ ಎಂದು ಮೂರು ಸಲ ಕೂಗಿದರು. ಮೇಸ್ತ್ರಿ ತಿರುಗಿ, ಇಳಿದು ಬಂದರು. ಹಿಂದೆಯೇ ಧಣಿಗಳೂ ಬಂದರು. ಅಣ್ಣ ಉಸಿರು ಎಳೆದುಕೊಂಡು ಎಲ್ಲ ಹೇಳಿದರು. ಧಣಿಗಳ ಮುಖ ಕೆಂಪಾಯಿತು. ಮೊನ್ನೆ ಪಾಸು, ಇವತ್ತು ಫೇಲೇ? ಇದೇನು ಮಕ್ಕಳಾಟವೇ? ಕಾಗದದ ಮೇಲೆ ಸಹಿ ಹಾಕಿದವರು ಯಾರು, ಅವರು ಮಾತಾಡಲಿ ಎಂದರು. ಸಹಿ ನನ್ನದು. ನಾನು ನೆಲ ನೋಡುತ್ತಿದ್ದೆ.

ಅಣ್ಣ ಅರ್ಧ ಹೆಜ್ಜೆ ಮುಂದೆ ಬಂದು ನನಗೂ ಧಣಿಗಳಿಗೂ ನಡುವೆ ನಿಂತರು.

"ಸಹಿ ಅವ್ರದ್. ತಪ್ಪ್ ನಂದ್. ಪಟ್ಟಿ ತಿರ್ಗ್‌ಸಿ ಹಾಕದ್ದ್ ನಾನ್. ಈ ಹಾಳಿ ಹಿಂದೆ ಇವತ್ ಯಾರೂ ಕೂಕಂಬುಕಾಗ."

ಸುತ್ತ ಹತ್ತು ಹನ್ನೆರಡು ಜನ ಕೆಲಸದವರು ನಿಂತಿದ್ದರು. ಇಡೀ ಜಿಲ್ಲೆಯಲ್ಲಿ ತನ್ನ ಕೈಯ ಕೆಲಸಕ್ಕೆ ಹೆಸರಾದ ಮನುಷ್ಯ, ಅಷ್ಟು ಜನರ ಮುಂದೆ ತಲೆಯೆತ್ತಿ, ತಪ್ಪು ನನ್ನದು, ಇದರ ಹಿಂದೆ ಯಾರೂ ಕೂರಬಾರದು ಎಂದು ಹೇಳಿದ್ದರು. ನೆಪ ಹೇಳಲಿಲ್ಲ, ತಪಾಸಣೆಯ ಹೆಸರನ್ನೂ ಎತ್ತಲಿಲ್ಲ. ಅವರ ಬೆನ್ನ ಹಿಂದೆ ಅಡಗಿ ನಿಂತಿದ್ದ ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಆ ನಾಚಿಕೆಯೇ ನನ್ನನ್ನು ಮುಂದಕ್ಕೆ ತಳ್ಳಿತು.

"ನಂದೂ ಇತ್ತ್ ಅಣ್ಣ" ಎಂದೆ. "ಕಂಪ್ಯೂಟರ್ ಮೊದ್ಲೇ ತೂತಾತ್ತ್ ಅಂದಿತ್. ನಾನೇ ಅದ್ನ ತಿದ್ದಿ ಹೊಂದ್ಸದ್ದ್."

ಅಣ್ಣ ತಿರುಗಿ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಸ್ವಲ್ಪ ಪಕ್ಕಕ್ಕೆ ಸರಿದು ತಮ್ಮ ಬದಿಯಲ್ಲಿ ನನಗೆ ಜಾಗ ಮಾಡಿದರು. ಇಬ್ಬರೂ ಸಾಲಾಗಿ ನಿಂತು ಧಣಿಗಳಿಂದ ಬೈಸಿಕೊಂಡೆವು.

ಅವತ್ತು ಮೇಸ್ತ್ರಿ ಗೂಡು ಬಿಟ್ಟು ದೂರದ ಬಂಡೆಯ ಮರೆಗೆ ಹೋಗಿ ಅಲ್ಲಿಂದಲೇ ಸಿಡಿಸಿದರು. ಗೂಡಿನ ಕಡೆಗೆ ಒಂದೇ ಒಂದು ಕಲ್ಲೂ ಬರಲಿಲ್ಲ. ನೋಡಿದಿರಾ, ಏನೂ ಆಗುತ್ತಿರಲಿಲ್ಲ, ಸುಮ್ಮನೆ ಗಲಾಟೆ ಎಂದು ಧಣಿಗಳು ಮತ್ತೊಮ್ಮೆ ಬೈದರು. ಅಣ್ಣ ಅದಕ್ಕೂ ತಲೆಯಾಡಿಸಿದರು. ಏನೂ ಆಗದೆ ಬೈಸಿಕೊಂಡರೆ ಅದಕ್ಕಿಂತ ಒಳ್ಳೆಯದು ಏನಿದೆ ಎಂದು ಸ್ಕೂಟರು ಹತ್ತುವಾಗ ನನ್ನ ಹತ್ತಿರ ಹೇಳಿದರು. ಕೀಲಿಕೈಯನ್ನು ನನ್ನ ಕಡೆಗೆ ಚಾಚಿದರು. ಹಿಂದಿರುಗುವಾಗ ನಾನೇ ಓಡಿಸಿದೆ.

ಮರುದಿನ ಪಟ್ಟಿಯನ್ನು ಸರಿಮಾಡಿ ಅದೇ ದಪ್ಪದ ಹಾಳೆಗೆ ನಿಜವಾದ ವೇಗದಲ್ಲಿ ಹೊಡೆದೆವು. ಕಲ್ಲು ಹಾಳೆಯನ್ನೂ ಅಲ್ಯೂಮಿನಿಯಂ ಕಾಗದವನ್ನೂ ತೂರಿ, ಬಲೆಯ ನಾಲ್ಕನೆಯ ಪದರದಲ್ಲಿ ಹೋಗಿ ನಿಂತಿತು. ಮುಖ್ಯಸ್ಥರು ಆ ತೂತಿನೊಳಗೆ ಬೆರಳು ಹಾಕಿ ನೋಡಿದರು, ಆಮೇಲೆ ಪತ್ರವನ್ನು ತಾವೇ ಕೈಬರಹದಲ್ಲಿ ಬರೆದರು. ಅವರ ಬಗ್ಗೆ ನನಗಿದ್ದ ಕೋಪ ಅವತ್ತು ಇಳಿಯಿತು.

ಅಲ್ಲಿಂದ ಮುಂದೆ ಎಲ್ಲ ಹೊಸದಾಗಿ. ಎರಡು ಹಾಳೆ, ನಡುವೆ ಸ್ವಲ್ಪ ಅಂತರ, ಹೀಗೆ ಯೋಚನೆ ಮಾಡಿದೆವು. ಹೊಸ ಹಾಳೆಗೆ ಮೊದಲ ಸಲ ಹೊಡೆಯುವ ದಿನ ಅಣ್ಣ ಗೋಡೆಯ ಮೇಲೆ ತಮ್ಮ ಅಂಕಿ ಬರೆದು, ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟರು. ಹಾಳೆ ಎಷ್ಟು ಒಳಕ್ಕೆ ಕುಸಿಯುತ್ತದೆ ಎಂಬ ನನ್ನ ಲೆಕ್ಕವನ್ನು ನಾನು ಬರೆಯಬೇಕಿತ್ತು, ಹೊಡೆಯುವ ಮೊದಲು, ಎಲ್ಲರೆದುರು. ಬರೆದೆ. ಹೊಡೆದಾಗ ಹಾಳೆ ನಿಂತಿತು, ನನ್ನ ಅಂಕಿ ಮಾತ್ರ ಚೆನ್ನಾಗಿಯೇ ತಪ್ಪಿತ್ತು. ಅಳಿಸಲು ಕೈ ತುರಿಸಿತು. ಅಣ್ಣ ನೋಡುತ್ತಿದ್ದರು, ಬಿಟ್ಟೆ. ಯಾಕೆ ತಪ್ಪಿತೆಂದು ಹುಡುಕುವುದಕ್ಕೆ ಒಂದು ವರ್ಷವೇ ಹಿಡಿಯಿತು. ನನ್ನ ಜೊತೆಯವರು ಡಾಕ್ಟರಾಗಿ ಮದುವೆಯ ಕಾರ್ಡಿನಲ್ಲೂ ಹಾಕಿಸಿಕೊಂಡರು, ನಾನು ಇನ್ನೂ ಬರೀ ಹೆಸರಿನವಳು. ಆದರೆ ಆ ವರ್ಷ ಕಲಿತಷ್ಟನ್ನು ನಾನು ಮುಂಚೆ ಎಂದೂ ಕಲಿತಿರಲಿಲ್ಲ. ಪ್ರಬಂಧದಲ್ಲಿ ಒಂದು ಅಧ್ಯಾಯವನ್ನು ಪೂರ್ತಿ ಆ ತಪ್ಪಿಗೇ ಕೊಟ್ಟೆ, ಗೋಡೆಯ ಅಂಕಿಗಳನ್ನು ಹಾಗೆ ಹಾಗೆಯೇ ಇಳಿಸಿದೆ. ಪರೀಕ್ಷಕರು ಉಳಿದ ಅಧ್ಯಾಯಗಳನ್ನು ಬಿಟ್ಟು ಅದರ ಮೇಲೆಯೇ ಒಂದು ಗಂಟೆ ಮಾತಾಡಿ, ಈ ಅಂಕಿ ಬರೆದವರು ಯಾರು, ಅವರನ್ನು ನೋಡಬೇಕು ಎಂದರು. ಅಣ್ಣ ಆ ಹೊತ್ತಿಗೆ ಕಂಪ್ರೆಸರಿನ ಅಡಿಯಲ್ಲಿ ಮಲಗಿ ವಾಷರು ಬದಲಿಸುತ್ತಿದ್ದರು. ಪರೀಕ್ಷಕರು ಬಗ್ಗಿ ಅವರ ಎಣ್ಣೆ ಕೈಯನ್ನೇ ಕುಲುಕಿದರು. ಅದನ್ನು ನೋಡುತ್ತ ನನ್ನ ಕಣ್ಣು ತುಂಬಿತು, ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಅದಕ್ಕೂ ಕೆಲವು ತಿಂಗಳ ಹಿಂದೆ, ಎಲ್ಲ ಪರೀಕ್ಷೆ ಮುಗಿದ ಮೇಲೆ, ಹೊಸ ಕಿಟಕಿಯನ್ನು ಕೂರಿಸಲು ನಾವಿಬ್ಬರೂ ಕ್ವಾರಿಗೆ ಹೋಗಿದ್ದೆವು. ಅಣ್ಣ ಬೋಲ್ಟುಗಳನ್ನು ಒಂದೊಂದಾಗಿ ಬಿಗಿದು, ನನ್ನ ಕೈಯಿಂದಲೂ ಒಮ್ಮೆ ಪರೀಕ್ಷೆ ಮಾಡಿಸಿದರು. ಧಣಿಗಳು ಕೈಕಟ್ಟಿ ನಿಂತಿದ್ದರು. ಇನ್ನು ಹೆದರಿಕೆ ಇಲ್ಲ ತಾನೇ ಎಂದು ಮೇಸ್ತ್ರಿ ಕೇಳಿದರು. ಇಲ್ಲ ಎಂದು ಹೇಳಲು ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದು ವರ್ಷದ ಕೆಲಸ, ಅಷ್ಟೊಂದು ಹೊಡೆತ, ಹೇಳಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಅಣ್ಣ ಸ್ಪ್ಯಾನರು ಒರೆಸಿಕೊಳ್ಳುತ್ತ ಹೇಳಿದರು:

"ಮುಷ್ಟಿ ಗಾತ್ರದ್ ಕಲ್ಲ್ ಬಂದ್ರೆ ತಡೀತ್. ಅದ್ನ ಹೊಡ್ದ್ ಕಂಡಿತ್. ತಲಿ ಗಾತ್ರದ್ ಬಂದ್ರೆ ಗೊತ್ತಿಲ್ಲೆ, ಮೇಸ್ತ್ರಿ. ಅಷ್ಟ್ ದೊಡ್ಡದ್ ನಮ್ ಗನ್ನಗೆ ಹಿಡಿತಿಲ್ಲೆ."

ಧಣಿಗಳು ಹಣೆ ಚಚ್ಚಿಕೊಂಡರು. ಇಷ್ಟು ದಿನ ತೆಗೆದುಕೊಂಡು ಕೊನೆಗೆ ಗೊತ್ತಿಲ್ಲ ಎನ್ನುವುದೇ ಎಂದು ಗೊಣಗಿದರು. ಮೇಸ್ತ್ರಿ ಅವರ ಕಡೆ ನೋಡಲಿಲ್ಲ. ಹೊಸ ಹಾಳೆಯನ್ನು ಬೆರಳಿನ ಗೆಣ್ಣಿನಿಂದ ಎರಡು ಸಲ ಕುಟ್ಟಿದರು. ಹುಬ್ಬಿನ ಮೇಲಿನ ಗಾಯವನ್ನು ಒಮ್ಮೆ ಸವರಿಕೊಂಡರು. ಆಮೇಲೆ ಗೂಡು ಹತ್ತಿ ಒಳಗೆ ಕುಳಿತು, ಬಾಗಿಲು ಎಳೆದುಕೊಳ್ಳುವ ಮೊದಲು ಅಣ್ಣನ ಮುಖ ನೋಡಿ ಹೇಳಿದರು:

"ಅಡ್ಡಿಲ್ಲೆ. ಗೊತ್ತಿಲ್ಲೆ ಅಂದೇಳಿ ಹೇಳುವವ್ರ್ ಹಾಕದ್ದಲ್ದಾ, ಇದ್ರ್ ಹಿಂದೆ ನಾನ್ ಕೂಕಂತೆ."